ನಡುವೆ ಬೀಳುವ ಕಾಕ್ ಯಾರದು?

ಕಾಕ್ ನಮ್ಮಿಬ್ಬರ ನಡುವೆ ಬಿತ್ತು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದರು. ಇಬ್ಬರ ರ‍್ಯಾಕೆಟೂ ಎತ್ತಿದ್ದು ಎತ್ತಿದ ಹಾಗೇ ಇತ್ತು. ಮೈಸೂರಿನಲ್ಲಿ ನಡೆದ ಒಂದು ಟೂರ್ನಿ, ಮೂವತ್ತೈದು ದಾಟಿದ ಹೆಂಗಸರ ಬ್ಯಾಡ್ಮಿಂಟನ್ ಡಬಲ್ಸ್, ಮೂರನೇ ಗೇಮ್, 19-19. ಆ ಪಾಯಿಂಟ್ ಹೋಯಿತು. ಅದೇ ಗಲಿಬಿಲಿಯಲ್ಲಿ ಮುಂದಿನದೂ ಹೋಯಿತು, 19-21ಕ್ಕೆ ಮ್ಯಾಚೂ ಹೋಯಿತು.

ಸಂಜೆ ರೈಲಿನಲ್ಲಿ ಮಂಡ್ಯಕ್ಕೆ ಹೊರಟಾಗ ಶ್ರೀರಂಗಪಟ್ಟಣದ ಸೇತುವೆ ದಾಟಿದ್ದೂ ಗೊತ್ತಾಗಲಿಲ್ಲ. ಕಣ್ಣ ಮುಂದೆ ಆ ಕಾಕೇ ಇತ್ತು. ಸೋತಿದ್ದಕ್ಕಲ್ಲ ಬೇಜಾರು. ಅದು ಇಬ್ಬರಿಗೂ ಸುಲಭವಾಗಿದ್ದ ಕಾಕ್. ಅದಕ್ಕೇ ಇಬ್ಬರೂ ಬಿಟ್ಟೆವು.

ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಅಕ್ಕ ಅಂದರೆ ನನ್ನ ಡಬಲ್ಸ್ ಜೋಡಿ, ಒಡಹುಟ್ಟಿದವರಲ್ಲ. ನನಗಿಂತ ಎಂಟು ವರ್ಷ ದೊಡ್ಡವರು, ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ. ವಾರವೆಲ್ಲ ಅವರು ಅಲ್ಲಿ, ನಾನು ಇಲ್ಲಿ. ಒಟ್ಟಿಗೆ ಆಡುವುದು ಭಾನುವಾರ ಮಾತ್ರ. ಒಬ್ಬೊಬ್ಬರ ಆಟ ಚೆನ್ನಾಗಿಯೇ ಇತ್ತು. ಆದರೆ ಒಬ್ಬೊಬ್ಬರೇ ಚೆನ್ನಾಗಿ ಆಡುವುದು ಬೇರೆ, ಜೋಡಿಯಾಗಿ ಆಡುವುದು ಬೇರೆ ಅಲ್ವಾ?

ಆ ಮ್ಯಾಚನ್ನು ಅಕ್ಕನ ಮಗಳು ಮೊಬೈಲಿನಲ್ಲಿ ಹಿಡಿದಿದ್ದಳು. ಮನೆಗೆ ಬಂದವಳೇ ಒಂದು ನೋಟ್‌ಬುಕ್ ತೆಗೆದು, ಕಳೆದುಕೊಂಡ ಒಂದೊಂದು ಪಾಯಿಂಟನ್ನೂ ಬರೆದೆ. ನೆಟ್ಟಿಗೆ ಹೊಡೆದದ್ದು ಎಷ್ಟು, ಔಟ್ ಎಷ್ಟು, ಗೆರೆ ಪಕ್ಕ ಬಿದ್ದದ್ದು ಎಷ್ಟು, ನಡುವೆ ಬಿದ್ದದ್ದು ಎಷ್ಟು. ನಡುವಿನದೇ ಎಲ್ಲಕ್ಕಿಂತ ಜಾಸ್ತಿ. ಎದುರಾಳಿಗಳು ನಮ್ಮನ್ನು ಬೀಟ್ ಮಾಡಿರಲಿಲ್ಲ. ನಮ್ಮ ನಡುವಿನ ಜಾಗವನ್ನು ಕಂಡುಹಿಡಿದಿದ್ದರು, ಅಷ್ಟೇ.

ಅಲ್ಲಿಂದ ನಾನು ದೊಡ್ಡ ದೊಡ್ಡ ಜೋಡಿಗಳ ಆಟವನ್ನು ಈ ಒಂದು ವಿಷಯಕ್ಕಾಗಿಯೇ ನೋಡಲು ಶುರು ಮಾಡಿದೆ. ಯಾರು ಗೆದ್ದರು ಅಂತ ನೋಡುವುದನ್ನು ಬಿಟ್ಟೆ. ನಡುವಿನ ಕಾಕ್ ಯಾರು ತೆಗೆದರು ಅಂತ ಮಾತ್ರ ನೋಡಿದೆ.

ಮೊದಲು ನೋಡಿದ್ದು ಜ್ವಾಲಾ ಗುಟ್ಟಾ ಮತ್ತು ನಮ್ಮ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ. 2011ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ಅವರಿಗೆ ಕಂಚು ಬಂದ ಮೇಲೆ ಆ ಟೂರ್ನಿಯಲ್ಲಿ ಭಾರತಕ್ಕೆ ಬಂದ ಪದಕ ಅದೇ. ಜ್ವಾಲಾ ಎಡಗೈ, ಅಶ್ವಿನಿ ಬಲಗೈ. ರ‍್ಯಾಕೆಟ್ ಹಿಡಿದ ಕೈ ಕಡೆಯ ಹೊಡೆತ ಫೋರ್‌ಹ್ಯಾಂಡ್, ಮತ್ತೊಂದು ಕಡೆಯದು ಬ್ಯಾಕ್‌ಹ್ಯಾಂಡ್. ಎಡಗೈಯವರು ಬಲಗಡೆ ನಿಂತು, ಬಲಗೈಯವರು ಎಡಗಡೆ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ನಡುವಿಗೇ ಬರುತ್ತದೆ. ಎಷ್ಟು ಚಂದ ಅನ್ನಿಸಿತು. ಆದರೆ ಅವರೇ ಜಾಗ ಅದಲು ಬದಲಾದ ತಕ್ಷಣ ಇಬ್ಬರ ಬ್ಯಾಕ್‌ಹ್ಯಾಂಡೂ ನಡುವಿಗೆ ಬರುತ್ತದೆ! ಅಂದರೆ ಕೈ ಒಂದರಿಂದಲೇ ಇದು ಬಗೆಹರಿಯುವುದಿಲ್ಲ. ಅವರೂ ಮಾತಾಡಿಕೊಂಡಿರಲೇಬೇಕು.

ಅಕ್ಕ, ನಾನು ಇಬ್ಬರೂ ಬಲಗೈ. ಹಾಗಾಗಿ ಇಬ್ಬರೂ ಬಲಗೈಯವರಾದ ಜೋಡಿ ಹುಡುಕಿದೆ. ಜಪಾನಿನ ಮಿಸಾಕಿ ಮತ್ಸುತೊಮೊ, ಅಯಾಕಾ ತಕಹಾಶಿ ಸಿಕ್ಕರು. 2016ರ ರಿಯೋ ಒಲಿಂಪಿಕ್ಸ್ ಫೈನಲ್, ಎದುರಿಗೆ ಡೆನ್ಮಾರ್ಕ್ ಜೋಡಿ. ಮೂರನೇ ಗೇಮಿನಲ್ಲಿ ಜಪಾನಿನವರು 16-19 ಹಿಂದಿದ್ದರು. ಅಲ್ಲಿಂದ ಸತತ ಐದು ಪಾಯಿಂಟ್ ತೆಗೆದು 21-19ಕ್ಕೆ ಗೆದ್ದರು. ಆ ಐದು ಪಾಯಿಂಟನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಂಥ ಒತ್ತಡದಲ್ಲೂ ಒಬ್ಬರು ಕದಲಿದರೆ ಇನ್ನೊಬ್ಬರು ಕದಲುತ್ತಾರೆ. ಇಬ್ಬರ ನಡುವೆ ಒಂದು ಹಗ್ಗ ಕಟ್ಟಿದ ಹಾಗೆ.

ಇಲ್ಲಿ ಹೆಂಗಸರ ಡಬಲ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಮೊದಲು ಆಡುತ್ತಿದ್ದ ಹಾಲ್‌ನಲ್ಲಿ ಒಬ್ಬರು, 'ಲೇಡೀಸ್ ಡಬಲ್ಸ್ ಅಂದ್ರೆ ಬರೀ ಟಾಸ್, ಸುಮ್ನೆ ಎತ್ತಿ ಎತ್ತಿ ಹಾಕೋದು' ಅಂತ ಹೇಳುತ್ತಿದ್ದರು. ನನಗೆ ಅದು ತುಂಬಾ ನೋವಾಗುತ್ತಿತ್ತು. ಆ ಮಾತು ತಪ್ಪು. ಗಂಡಸರ ಡಬಲ್ಸ್‌ನಲ್ಲಿ ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಜೋರಾಗಿ ಹೊಡೆಯುವ ಹೊಡೆತ, ಎಷ್ಟೋ ಸಲ ಅಲ್ಲಿಗೇ ಪಾಯಿಂಟ್ ಮುಗಿಸುತ್ತದೆ. ಹೆಂಗಸರಲ್ಲಿ ಸ್ಮ್ಯಾಶ್ ವಾಪಸ್ ಬರುತ್ತದೆ. ಎರಡನೆಯದೂ ಬರುತ್ತದೆ, ಮೂರನೆಯದೂ ಬರುತ್ತದೆ. ಹಾಗಾಗಿ ಪಾಯಿಂಟನ್ನು ಕಟ್ಟಬೇಕು. ಒಂದು ಮೂಲೆಗೆ ಎಳೆದು, ನೆಟ್ಟಿನ ಹತ್ತಿರ ಮೆಲ್ಲಗೆ ಬೀಳುವ ಒಂದು ಡ್ರಾಪ್ ಹಾಕಿ, ಜಾಗ ತೆರೆದ ಮೇಲೆ ಹೊಡೆಯಬೇಕು. 2016ರ ಏಷ್ಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಜಪಾನಿನ ಕುರುಮಿ ಯೊನಾವೊ, ನವೋಕೊ ಫುಕುಮಾನ್ ಜೋಡಿ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ, ನಿತ್ಯಾ ಮಹೇಶ್ವರಿ ಎದುರು 161 ನಿಮಿಷ ಆಡಿತು. ಎರಡು ಗಂಟೆ ನಲವತ್ತೊಂದು ನಿಮಿಷ! ಅಷ್ಟು ಹೊತ್ತು ನಾಲ್ಕು ಜನ ಕಾಕನ್ನು ನೆಲಕ್ಕೆ ಬಿಡದೆ ಆಡಿದ್ದನ್ನು ನೋಡಿದ ಯಾರೂ 'ಬರೀ ಟಾಸ್' ಅನ್ನಲಾರರು.

ಸರಿ, ನಮ್ಮ ನಡುವಿನ ಕಾಕಿಗೆ ಬರುತ್ತೇನೆ.

ಡಬಲ್ಸ್ ಕೋರ್ಟಿನ ಅಗಲ 6.1 ಮೀಟರ್. ಇಬ್ಬರು ಪಕ್ಕಪಕ್ಕ ನಿಂತರೆ ಒಬ್ಬೊಬ್ಬರಿಗೆ ಮೂರು ಮೀಟರ್ ಚಿಲ್ಲರೆ. ನಾವು ಮೊದಲು ಇಟ್ಟುಕೊಂಡಿದ್ದ ನಿಯಮ ಎಲ್ಲರೂ ಹೇಳಿಕೊಡುವುದೇ: ಫೋರ್‌ಹ್ಯಾಂಡ್ ಯಾರದು ನಡುವಿಗಿದೆಯೋ ಅವರು ತೆಗೆಯಬೇಕು. ಇಬ್ಬರೂ ಬಲಗೈ ಆದ್ದರಿಂದ ಯಾವಾಗಲೂ ಎಡಗಡೆ ನಿಂತವರ ಪಾಲು. ನಿಧಾನದ ಕಾಕಿಗೆ ಇದು ಸರಿ. ಸ್ಮ್ಯಾಶ್ ಬಂದಾಗ ಕೈಕೊಡುತ್ತಿತ್ತು. ಎಡಗಡೆ ನಿಂತವಳ ನೇರ ಎದುರಿಗಿಂದ ಸ್ಮ್ಯಾಶ್ ಬಂದರೆ, ಅವಳು ಗೆರೆ ಪಕ್ಕದ ಬ್ಯಾಕ್‌ಹ್ಯಾಂಡೂ ಕಾಯಬೇಕು, ನಡುವಿನ ಫೋರ್‌ಹ್ಯಾಂಡೂ ಕಾಯಬೇಕು. ಬಲಗಡೆಯವಳು ಸುಮ್ನೆ ನಿಂತಿರುತ್ತಾಳೆ. 19-19ರಲ್ಲಿ ಆಗಿದ್ದೂ ಇದೇ. ಎಡಗಡೆ ನಾನಿದ್ದೆ, ಗೆರೆ ಕಾಯುತ್ತಿದ್ದೆ. ಅಕ್ಕ ನಿಯಮದ ಪ್ರಕಾರ ನನಗೇ ಬಿಟ್ಟರು.

ದೊಡ್ಡ ಜೋಡಿಗಳ ಡಿಫೆನ್ಸನ್ನು ನಿಧಾನ ಮಾಡಿ ನೋಡಿದಾಗ ಬೇರೆಯೇ ಕಂಡಿತು. ಸ್ಮ್ಯಾಶ್ ಹೊಡೆಯುವವರ ನೇರಕ್ಕೆ ಇರುವವಳು ಗೆರೆ ಕಾಯುತ್ತಾಳೆ. ಓರೆಗೆ ಇರುವವಳು ಒಂದು ಹೆಜ್ಜೆ ನಡುವಿಗೆ ಸರಿಯುತ್ತಾಳೆ. ನಡುವಿನದು ಅವಳದ್ದು, ಅದು ಬ್ಯಾಕ್‌ಹ್ಯಾಂಡ್ ಆದರೂ ಸರಿ. ಕಾರಣ ಯೋಚಿಸಿದರೆ ಸರಳ. ನೇರ ಸ್ಮ್ಯಾಶ್ ಬರುವ ದೂರ ಕಮ್ಮಿ, ಆದ್ದರಿಂದ ಅವಳಿಗೆ ಸಮಯವೇ ಇಲ್ಲ. ಓರೆಯಾಗಿ ಬರುವ ಕಾಕ್ ಜಾಸ್ತಿ ದೂರ ಬರಬೇಕು, ಬರುತ್ತಾ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಓರೆಗಿರುವವಳು ತನ್ನ ಗೆರೆಯನ್ನು ಸ್ವಲ್ಪ ಬಿಟ್ಟುಬಂದರೂ ನಡೆಯುತ್ತದೆ.

ಇದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. 'ಹೇಳೋದು ಸರಿ, ಕಾಲು ಕೇಳಬೇಕಲ್ಲ' ಅಂದರು. ಹದಿನೈದು ವರ್ಷದ ಅಭ್ಯಾಸ ಒಂದು ಫೋನಿಗೆ ಹೋಗುತ್ತದೆಯೇ?

ಮುಂದಿನ ಭಾನುವಾರ ಶಾಲೆಯ ಸೀಮೆಸುಣ್ಣ ಎರಡು ತುಂಡು ತೆಗೆದುಕೊಂಡು ಹೋದೆ. ಬೆಳಿಗ್ಗೆ ಆರಕ್ಕೇ ಹಾಲ್ ತೆರೆಸಿದೆವು. ಹಾಲ್ ನೋಡಿಕೊಳ್ಳುವವರನ್ನು ಕೇಳಿ, ಹಸಿರು ಮ್ಯಾಟ್ ಮೇಲೆ ಅಕ್ಕನ ಶೂ ಸುತ್ತ ಗೆರೆ ಎಳೆದೆ. ಅವರು ನನ್ನ ಶೂ ಸುತ್ತ ಎಳೆದರು. ಒಬ್ಬೊಬ್ಬರಿಗೆ ಎರಡು ಜೊತೆ ಪಾದ: ನೇರ ಬಂದಾಗ ಒಂದು ಜಾಗ, ಓರೆ ಬಂದಾಗ ಇನ್ನೊಂದು. ಎರಡರ ನಡುವೆ ಒಂದೇ ಹೆಜ್ಜೆ. ಇಬ್ಬರು ಕಾಲೇಜು ಹುಡುಗರನ್ನು ಎದುರಿಗೆ ನಿಲ್ಲಿಸಿದೆವು. ಮೊದಲ ಅರ್ಧ ಗಂಟೆ ಅವರು ಕಾಕ್ ಹೊಡೆಯಲೇ ಇಲ್ಲ. ಒಬ್ಬ ಮೂಲೆಗೆ ಓಡಿ ಕೈ ಎತ್ತುವುದು, ನಾವು ಆ ಗುರುತಿಗೆ ಸರಿಯುವುದು. ಈ ಮೂಲೆ, ಆ ಮೂಲೆ. ನೋಡುವವರಿಗೆ ನಾವು ಕೋಲಾಟ ಕಲಿಯುತ್ತಿದ್ದೇವೆ ಅನ್ನಿಸಿರಬೇಕು. ಆಮೇಲೆ ಕಾಕ್ ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಒಂಬತ್ತು ಗಂಟೆಗೆ ಒದ್ದೆ ಬಟ್ಟೆಯಲ್ಲಿ ಮ್ಯಾಟ್ ಒರೆಸಿ ಕೊಟ್ಟೆವು.

ಹೀಗೆ ಎಂಟು ಭಾನುವಾರ. ಐದನೇ ವಾರದ ತನಕ ಆಟ ಹದಗೆಟ್ಟಿತು, ಇದನ್ನು ಮುಚ್ಚಿಡುವುದಿಲ್ಲ. ತಲೆ ಹೊಸ ನಿಯಮ ಹೇಳುತ್ತಿತ್ತು, ಕಾಲು ಹಳೆಯದನ್ನೇ ಮಾಡುತ್ತಿತ್ತು. ಆರನೇ ವಾರ ಒಂದು ರ‍್ಯಾಲಿಯಲ್ಲಿ ಅಕ್ಕ ಗೆರೆ ಕಡೆ ವಾಲಿದ್ದು ಕಣ್ಣಂಚಿನಲ್ಲಿ ಕಂಡಿತು. ನಾನು ನಡುವಿಗೆ ಬಂದುಬಿಟ್ಟಿದ್ದೆ. ಯೋಚಿಸಿರಲಿಲ್ಲ. ಕಾಕ್ ನನ್ನ ಬ್ಯಾಕ್‌ಹ್ಯಾಂಡಿಗೆ ಸರಿಯಾಗಿ ಬಂದು ಕೂತಿತು. ಆ ಖುಷಿಯನ್ನು ಹೇಗೆ ಹೇಳಲಿ!

ಇನ್ನೊಂದು ತೊಂದರೆ ಕೂಗಿನದು. ನಾವು 'ನಂದು', 'ನಿಂದು' ಅಂತ ಕೂಗುತ್ತಿದ್ದೆವು. ಪಕ್ಕದ ಕೋರ್ಟಿನ ಗಲಾಟೆಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹೇಳಿ ನೋಡಿ. ಇಷ್ಟು ವರ್ಷ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಈಗ ನನ್ನದಾದರೆ 'ನಾ!' ಅನ್ನುತ್ತೇನೆ, ಅಕ್ಕನದಾದರೆ 'ಅಕ್ಕಾ!' ಅನ್ನುತ್ತೇನೆ. ಅವರು ನನಗೆ 'ಪುಟ್ಟಿ!' ಅನ್ನುತ್ತಾರೆ. ಒಂದು ಕೂಗಿಗೂ ಇನ್ನೊಂದಕ್ಕೂ ಎಲ್ಲೂ ಹೋಲಿಕೆ ಇರಬಾರದು. ಜೋಡಿಯಾಗಿ ಆಡುವ ಯಾರೇ ಆಗಲಿ, ಮೊದಲು ಇದೊಂದನ್ನು ತಿದ್ದಿಕೊಳ್ಳಿ. ಕಾಸು ಖರ್ಚಿಲ್ಲ, ಅಂದೇ ಫಲ ಸಿಗುತ್ತದೆ.

ಫಿಟ್‌ನೆಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಕ ವಾರಕ್ಕೆರಡು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ, ಇಳಿಯುವಾಗ ಬಸ್ಸು. ಇಳಿಯುವುದೇ ಮಂಡಿಗೆ ಕಷ್ಟ. ನಾನು ಮಂಡ್ಯದ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ ಓಡುತ್ತೇನೆ.

ರ‍್ಯಾಕೆಟ್ ವಿಷಯದಲ್ಲಿ ಕಲಿತದ್ದು ಮಾತ್ರ ಹೇಳಬೇಕು. ಒಮ್ಮೆ ಆಡುವಾಗ ನನ್ನ ತಂತಿ ಕಿತ್ತುಹೋಯಿತು. ನಾನು ನಿಂತುಬಿಟ್ಟೆ, ಪಾಯಿಂಟ್ ಹೋಯಿತು. ರ‍್ಯಾಲಿ ನಡೆಯುವಾಗ ರ‍್ಯಾಕೆಟ್ ಬದಲಾಯಿಸಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಟೋಕಿಯೋ ಒಲಿಂಪಿಕ್ಸ್ ಫೈನಲ್ ನಡೆದದ್ದು 2021ರ ಆಗಸ್ಟ್‌ನಲ್ಲಿ. ಅಲ್ಲಿ ಗ್ರೇಸಿಯಾ ಪೊಲಿಗೆ ಇದೇ ಆಯಿತು. ಅವರು ರ‍್ಯಾಲಿ ಮಧ್ಯೆಯೇ ಅಂಚಿಗೆ ಓಡಿ, ಬೇರೆ ರ‍್ಯಾಕೆಟ್ ಹಿಡಿದು ವಾಪಸ್ ಬಂದರು. ಅಷ್ಟು ಹೊತ್ತು ಇಡೀ ಕೋರ್ಟನ್ನು ಅಪ್ರಿಯಾನಿ ರಹಾಯು ಒಬ್ಬರೇ ಕಾದರು. ಚೀನಾದ ಚೆನ್ ಚಿಂಗ್‌ಚೆನ್, ಜಿಯಾ ಯಿಫಾನ್ ಎದುರು 21-19, 21-15ಕ್ಕೆ ಗೆದ್ದರು. ಒಲಿಂಪಿಕ್ಸ್ ಮಹಿಳಾ ಡಬಲ್ಸ್‌ನಲ್ಲಿ ಇಂಡೋನೇಷ್ಯಾಕ್ಕೆ ಅದೇ ಮೊದಲ ಚಿನ್ನ. ಅದನ್ನು ನೋಡಿದ ಮೇಲೆ ನಮ್ಮ ಬ್ಯಾಗ್ ಕೋರ್ಟಿನ ಅಂಚಿನಲ್ಲಿ ಜಿಪ್ ತೆರೆದೇ ಇರುತ್ತದೆ. ಇನ್ನೊಂದು ರ‍್ಯಾಕೆಟಿನ ಹಿಡಿ ಹೊರಗೆ. ಮತ್ತೆ, ಒಬ್ಬರು ಓಡಿದರೆ ಇನ್ನೊಬ್ಬರು ಎತ್ತರಕ್ಕೆ, ಹಿಂದಕ್ಕೆ ಟಾಸ್ ಹೊಡೆದು ಸಮಯ ಕೊಡಬೇಕು. ಟಾಸ್ ಎಷ್ಟು ದೊಡ್ಡ ಹೊಡೆತ ಅಂತ ಆಗ ಗೊತ್ತಾಗುತ್ತದೆ.

ಒಂದು ಪಾಯಿಂಟ್ ತಾನೇ ಅನ್ನಿಸಿದಾಗ ನಾನು 2012ರ ಲಂಡನ್ ಒಲಿಂಪಿಕ್ಸ್ ನೆನೆಯುತ್ತೇನೆ. ಜ್ವಾಲಾ, ಅಶ್ವಿನಿ ಗುಂಪಿನಲ್ಲಿ ಎರಡು ಮ್ಯಾಚ್ ಗೆದ್ದಿದ್ದರು. ಜಪಾನ್, ತೈವಾನ್ ಜೋಡಿಗಳೂ ಎರಡೆರಡು ಗೆದ್ದಿದ್ದವು. ಲೆಕ್ಕ ಹಾಕಿದಾಗ ಒಂದೇ ಒಂದು ಪಾಯಿಂಟ್ ವ್ಯತ್ಯಾಸದಲ್ಲಿ ನಮ್ಮವರು ಕ್ವಾರ್ಟರ್ ಫೈನಲ್ ಕಳೆದುಕೊಂಡರು. ಅಶ್ವಿನಿ ಅಲ್ಲಿಗೆ ನಿಲ್ಲಿಸಲಿಲ್ಲ. 2016ರಲ್ಲಿ ಮತ್ತೆ ಜ್ವಾಲಾ ಜೊತೆ, 2024ರ ಪ್ಯಾರಿಸ್‌ನಲ್ಲಿ ತನಿಷಾ ಕ್ರಾಸ್ಟೊ ಜೊತೆ ಆಡಿದರು. ಬೇರೆ ಬೇರೆ ಜೋಡಿ ಅಂದರೆ ನಡುವಿನ ಕಾಕಿನ ಒಪ್ಪಂದವನ್ನು ಪ್ರತಿ ಸಲ ಮೊದಲಿಂದ ಕಟ್ಟಬೇಕು. ಆಡದವರಿಗೆ ಆ ಶ್ರಮ ಕಾಣುವುದಿಲ್ಲ. ಹಾಗೇ ಟ್ರೀಸಾ ಜಾಲಿ, ಗಾಯತ್ರಿ ಗೋಪಿಚಂದ್. 2022ರ ಆಲ್ ಇಂಗ್ಲೆಂಡ್ ಟೂರ್ನಿಗೆ ರಿಸರ್ವ್ ಪಟ್ಟಿಯಿಂದ ಬಂದು ಸೆಮಿಫೈನಲ್ ಮುಟ್ಟಿದರು, 2023ರಲ್ಲಿ ಮತ್ತೆ ಮುಟ್ಟಿದರು. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಅವರ ಆಟ ತೋರಿಸುವಾಗ, 'ಕಾಕ್ ನೋಡಬೇಡಿ, ಹೊಡೆಯದೇ ಇರುವವಳ ಕಾಲು ನೋಡಿ' ಅನ್ನುತ್ತೇನೆ.

ಕಳೆದ ಟೂರ್ನಿಯಲ್ಲಿ ಅದೇ ಎದುರಾಳಿಗಳು ಸಿಕ್ಕರು. ಮೊದಲ ಗೇಮ್ ಪೂರ್ತಿ ನಡುವಿಗೇ ಹೊಡೆದರು. ಒಂದೊಂದು ಕಾಕೂ ವಾಪಸ್ ಹೋಯಿತು. ಆ ಗೇಮ್ ನಮ್ಮದಾಯಿತು. ಎರಡನೆಯದರಲ್ಲಿ ಅವರಿಗೆ ಅರ್ಥವಾಯಿತು. ಓರೆಗಿರುವವಳು ನಡುವಿಗೆ ಬಂದಾಗ ಅವಳ ಗೆರೆ ಪಕ್ಕ ಖಾಲಿ ಬಿಡುತ್ತಾಳೆ ಅಲ್ವಾ, ಅಲ್ಲಿಗೆ ಮೆಲ್ಲಗೆ ಓರೆ ಡ್ರಾಪ್ ಹಾಕತೊಡಗಿದರು. ಸ್ಮ್ಯಾಶ್ ಥರವೇ ಕೈ ಎತ್ತುತ್ತಾರೆ, ಕೊನೆ ಗಳಿಗೆಯಲ್ಲಿ ಮಣಿಕಟ್ಟು ಸಡಿಲ. ನಾನು ಎರಡು ಸಲ ಬಿದ್ದೆ. ಮೂರನೇ ಗೇಮ್ 18-21.

ರೈಲು ಹತ್ತಿದ ತಕ್ಷಣ ಅಕ್ಕ ಫೋನ್ ಮಾಡಿದರು. ಡ್ರಾಪ್ ಹಾಕುವಾಗ ಎದುರಾಳಿಯ ಮೊಣಕೈ ಸ್ವಲ್ಪ ಮೊದಲೇ ಮುಂದೆ ಬರುತ್ತದೆ, ತಾನು ನೋಡಿದೆ ಅಂದರು. ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ. ಪಾಂಡವಪುರ ಬರುವ ತನಕ ಅದೇ ಮಾತು. ಭಾನುವಾರಕ್ಕೆ ಆರು ಗಂಟೆಗೆ ಹುಡುಗರು ಬರುತ್ತಾರೆ. ಸೀಮೆಸುಣ್ಣ ಬ್ಯಾಗಿನಲ್ಲಿದೆ, ಈ ಸಲ ಮೂರನೇ ಜೊತೆ ಪಾದ ಬರೆಯಬೇಕು.