ಹಳದಿಯಾದ ಪಿಪಿಎಫ್: ಪೇಂಟ್ ಕೀಳದೆ ಫಿಲ್ಮ್ ಕೀಳುವುದು ಹೇಗೆ?

ಹೊಸ ಕಾರು ಮನೆಗೆ ಬಂದಾಗ ಬಾನೆಟ್ಟಿಗೆ, ಬಂಪರಿಗೆ, ಬಾಗಿಲ ಹ್ಯಾಂಡಲ್ ಹಿಂದಿನ ಗುಳಿಗೆ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಹಾಕಿಸಿದ್ದಿರಿ. ಆಗ ಅದು ಇದೆಯೋ ಇಲ್ಲವೋ ಅಂತಲೇ ಗೊತ್ತಾಗುತ್ತಿರಲಿಲ್ಲ. ಐದಾರು ವರ್ಷ ಬಿಸಿಲು ಮಳೆ ಕಂಡ ಮೇಲೆ ಬಿಳಿ ಕಾರಿನ ಬಾನೆಟ್ ಮಾತ್ರ ಕೆನೆ ಬಣ್ಣಕ್ಕೆ ತಿರುಗಿದೆ. ಅಂಚಿನಲ್ಲಿ ಕಪ್ಪು ಗೆರೆ ಕೂತಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಒಂದು ಮೂಲೆ ಎದ್ದು ನಿಂತಿದೆ. ಕೈ ಸುಮ್ನೆ ಇರುತ್ತದಾ? ಹಿಡಿದು ಎಳೆದುಬಿಡೋಣ ಅನಿಸುತ್ತದೆ.

ಎಳೆಯಬೇಡಿ. ಫಿಲ್ಮ್ ಕಿತ್ತು ಬರುವುದು ದೊಡ್ಡ ವಿಷಯವಲ್ಲ, ಅದರ ಜೊತೆ ಪೇಂಟೂ ಬರಬಾರದು, ಅಷ್ಟೇ ಸಮಸ್ಯೆ. ಫಿಲ್ಮ್ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ ಇರುತ್ತದೆ. ಅದು ಅಂಟಿಕೊಂಡಿರುವುದು ಪೇಂಟಿನ ಮೇಲ್ಪದರವಾದ ಕ್ಲಿಯರ್ ಕೋಟಿಗೆ. ಅದರ ದಪ್ಪ ಹೆಚ್ಚುಕಡಿಮೆ 40-50 ಮೈಕ್ರಾನ್. ಎಳೆಯುವ ಪದರ ಗಟ್ಟಿ, ಹಿಡಿದುಕೊಂಡಿರುವ ಪದರ ತೆಳು. ಹೀಗಾಗಿ ಇಲ್ಲಿ ಬಲ ಕೆಲಸ ಮಾಡುವುದಿಲ್ಲ. ಬಿಸಿ ಮತ್ತು ನಿಧಾನ ಮಾತ್ರ ಕೆಲಸ ಮಾಡುತ್ತವೆ.

ನಿಜವಾಗಲೂ ತೆಗೆಯಲೇಬೇಕಾ?

ಮೊದಲು ಕಾರು ತೊಳೆದು, ನೆರಳಿನಲ್ಲಿ ನಿಲ್ಲಿಸಿ ನೋಡಿ. ಆಯುಧಪೂಜೆಗೆ ಬಾನೆಟ್ ಮೇಲೆ ಹಚ್ಚಿದ ಅರಿಶಿನ-ಕುಂಕುಮದ ಕಲೆಯನ್ನೇ ಫಿಲ್ಮ್ ಹಳತಾಗಿದೆ ಅಂತ ತಿಳಿದುಕೊಳ್ಳುವವರಿದ್ದಾರೆ. ಅರಿಶಿನದ ಕಲೆ ಬಿಸಿಲಿಗೆ ತಾನೇ ಮಂಕಾಗುತ್ತದೆ. ಕುಂಕುಮದ ಬಣ್ಣ ಹಟಮಾರಿ, ಆದರೂ ಅದು ಕೂತಿರುವುದು ಆ ಜಾಗದಲ್ಲಿ ಮಾತ್ರ. ಫಿಲ್ಮ್ ಇಡೀ ಒಂದೇ ಸಮ ಹಳದಿಯಾಗಿದ್ದರೆ, ಮೈಮೇಲೆ ಸಣ್ಣ ಬಿರುಕು ಬಿಟ್ಟಿದ್ದರೆ, ಒಳಗೆ ಗುಳ್ಳೆ ಎದ್ದಿದ್ದರೆ ಅದರ ಕಾಲ ಮುಗಿದಿದೆ. ಅಂಚು ಮಾತ್ರ ಕೊಳೆಯಾಗಿ ಉಳಿದದ್ದೆಲ್ಲ ಚೆನ್ನಾಗಿದ್ದರೆ ಇನ್ನೊಂದು ವರ್ಷ ಬಿಟ್ಟರೂ ನಷ್ಟವಿಲ್ಲ. ಬಿರುಕು ಬಿಟ್ಟದ್ದನ್ನು ಮಾತ್ರ ಮುಂದೂಡಬೇಡಿ. ದಿನ ಕಳೆದಷ್ಟೂ ಅದು ಚೂರುಚೂರಾಗಿ ಬರುತ್ತದೆ, ಕೆಲಸ ಹತ್ತು ಪಟ್ಟಾಗುತ್ತದೆ.

ಫಿಲ್ಮ್ ಯಾವ ಜಾತಿಯದು ಅನ್ನುವುದೂ ಗೊತ್ತಿರಲಿ. ಒಳ್ಳೆಯ ಪಿಪಿಎಫ್ ಟಿಪಿಯು ಅನ್ನುವ ಪಾಲಿಯುರೆಥೇನಿನದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಸವೆಯದಿರಲಿ ಅಂತ ಬಳಸಿದ ಫಿಲ್ಮಿನ ಸಂತತಿಯೇ ಇದು. ಬಿಸಿ ಮಾಡಿ ಎಳೆದರೆ ಹಿಗ್ಗುತ್ತದೆ, ತುಂಡಾಗುವುದಿಲ್ಲ. ಕಡಿಮೆ ಬೆಲೆಯಲ್ಲಿ ಪಿಪಿಎಫ್ ಅಂತಲೇ ಮಾರಿದ್ದರಲ್ಲಿ ಪಿವಿಸಿಯೂ ಇರುತ್ತದೆ. ಅದರೊಳಗಿನ ಮೆದುಗೊಳಿಸುವ ಎಣ್ಣೆಯಂಥ ಅಂಶ ವರ್ಷ ಕಳೆದಂತೆ ಆರಿಹೋಗಿ ಹಪ್ಪಳದಂತೆ ಮುರಿಯುತ್ತದೆ. ಎದ್ದ ಮೂಲೆಯನ್ನು ಸ್ವಲ್ಪ ಬಿಸಿ ಮಾಡಿ ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಅರ್ಧ ದಿನದ ಕೆಲಸ. ಪಟ್ಟಂತ ಮುರಿದರೆ ಒಂದು ಇಡೀ ಭಾನುವಾರ ತೆಗೆದಿಡಿ.

ಪೇಂಟಿನ ಜಾತಕ ಕೇಳಿ

ಜನ ಬಿಟ್ಟುಬಿಡುವ ಹಂತ ಇದೇ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದೂ ಇದೇ.

ಫ್ಯಾಕ್ಟರಿಯಲ್ಲಿ ಹೊಡೆದ ಪೇಂಟನ್ನು ಬರಿ ಬಾಡಿಯ ಮೇಲೆ ಭಾರಿ ಬಿಸಿಯ ಒಲೆಯಲ್ಲಿ ಬೇಯಿಸಿರುತ್ತಾರೆ. ಅದು ಲೋಹವನ್ನು ಭದ್ರವಾಗಿ ಹಿಡಿದಿರುತ್ತದೆ. ಟಿಂಕರಿಂಗ್-ಪೇಂಟಿಂಗ್ ಆದ ಭಾಗಕ್ಕೆ ಅಷ್ಟು ಬಿಸಿ ಕೊಡುವ ಹಾಗಿಲ್ಲ, ಅಲ್ಲಿ ವೈರು, ಪ್ಲಾಸ್ಟಿಕ್, ರಬ್ಬರ್ ಎಲ್ಲ ಇರುತ್ತವೆ. ಕೆಳಗೆ ಪುಟ್ಟಿ ಬೇರೆ ಹಾಕಿರಬಹುದು. ಸರಿಯಾಗಿ ಉಜ್ಜದೆ, ಪ್ರೈಮರ್ ಹಾಕದೆ ಹೊಡೆದ ಪೇಂಟಿಗೆ ಫಿಲ್ಮ್ ಅಂಟಿಸಿದ್ದರೆ, ಎಷ್ಟೇ ಜಾಣ್ಮೆಯಿಂದ ಎಳೆದರೂ ಫಿಲ್ಮಿನ ಬೆನ್ನಿಗೆ ಅಂಟಿಕೊಂಡು ಪೇಂಟೂ ಬರುತ್ತದೆ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ನಿಮ್ಮದೇ ಕಾರಾಗಿದ್ದರೆ ಇನ್ಶೂರೆನ್ಸ್ ಕ್ಲೇಮಿನ ಕಾಗದ ತೆಗೆದು ನೋಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಮಾರಿದವರ ಮಾತು ನಂಬಬೇಡಿ, ಕಾರನ್ನೇ ಕೇಳಿ. ಬಾನೆಟ್ ಎತ್ತಿ ಕೀಲಿನ ಬೋಲ್ಟ್ ನೋಡಿ. ಸ್ಪ್ಯಾನರ್ ತಾಗಿ ಬೋಲ್ಟಿನ ತಲೆಯ ಪೇಂಟ್ ಎದ್ದಿದ್ದರೆ ಬಾನೆಟ್ ಒಮ್ಮೆ ಬಿಚ್ಚಿದೆ ಅಂತ ಅರ್ಥ. ಬಾಗಿಲ ರಬ್ಬರ್ ಬೀಡಿಂಗನ್ನು ಉಗುರಿನಿಂದ ಮೆಲ್ಲಗೆ ಸರಿಸಿ. ಕೆಳಗೆ ಸಣ್ಣ ಮೆಟ್ಟಿಲಿನಂತೆ ಪೇಂಟಿನ ಗೆರೆ ಸಿಕ್ಕರೆ, ಮಾಸ್ಕಿಂಗ್ ಟೇಪ್ ಅಂಟಿಸಿ ಸ್ಪ್ರೇ ಹೊಡೆದ ಗುರುತು ಅದು. ಪೇಂಟ್ ದಪ್ಪ ಅಳೆಯುವ ಮೀಟರ್ ಯಾರಾದರೂ ಡೀಟೇಲಿಂಗ್ (ಕಾರು ತೊಳೆದು ಪಾಲಿಶ್ ಮಾಡಿ, ಫಿಲ್ಮ್ ಹಾಕುವ) ಅಂಗಡಿಯವರ ಹತ್ತಿರ ಇದ್ದರೆ ಇನ್ನೂ ಸುಲಭ. ಪಿಪಿಎಫ್ ಇಲ್ಲದ ಜಾಗದಲ್ಲಿ ಸುಮಾರು 90ರಿಂದ 150 ಮೈಕ್ರಾನ್ ತೋರಿಸಿದರೆ ಫ್ಯಾಕ್ಟರಿ ಪೇಂಟ್ ಇರಬೇಕು. 200-300 ದಾಟಿದರೆ ಮತ್ತೊಮ್ಮೆ ಹೊಡೆದದ್ದು. ಅದಕ್ಕೂ ಎಷ್ಟೋ ಜಾಸ್ತಿ ಬಂದರೆ ಕೆಳಗೆ ಪುಟ್ಟಿ ಇದೆ. ಫಿಲ್ಮಿನ ಮೇಲೆಯೇ ಇಟ್ಟು ಅಳೆದರೆ ಅದರ ದಪ್ಪವೂ ಸೇರಿಕೊಳ್ಳುತ್ತದೆ, ಕಳೆದು ಲೆಕ್ಕ ಹಾಕಿ.

ಪ್ಲಾಸ್ಟಿಕ್ ಬಂಪರಿನಲ್ಲಿ ಮಾಮೂಲಿ ಮೀಟರ್ ನಡೆಯುವುದಿಲ್ಲ. ಆದರೆ ಅನುಮಾನಕ್ಕೆ ಮೀಟರ್ ಬೇಕಾ? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಐದು ವರ್ಷ ಓಡಿದ ಕಾರಿನ ಬಂಪರ್ ಇನ್ನೂ ಫ್ಯಾಕ್ಟರಿ ಪೇಂಟಿನಲ್ಲೇ ಇದೆ ಅಂದರೆ ನಂಬುವುದು ಕಷ್ಟ.

ಮತ್ತೆ ಪೇಂಟ್ ಹೊಡೆದದ್ದು ಅಂತ ಖಾತ್ರಿಯಾದ ಭಾಗವನ್ನು ನೀವು ಮುಟ್ಟಬೇಡಿ. ಗೊತ್ತಿರುವ ಡೀಟೇಲಿಂಗ್ ಅಂಗಡಿಗೆ ಬಿಡಿ. ಪೇಂಟ್ ಎದ್ದರೆ ಯಾರ ಹೊಣೆ, ಅಂಟು ತೆಗೆಯುವುದು ಅದೇ ಹಣದಲ್ಲಿ ಸೇರಿದೆಯಾ, ಇವೆರಡನ್ನು ಕೆಲಸಕ್ಕೆ ಮೊದಲೇ ಕೇಳಿ. ಕಾರು ಬಿಡುವ ಮುಂಚೆ ನಾಲ್ಕೂ ಕಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಬಿಸಿ ಎಷ್ಟು?

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಹೇರ್ ಡ್ರೈಯರ್, ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಹಳೆಯ ಎಟಿಎಂ ಕಾರ್ಡ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಕೈಗವಸು, ಅಂಟು ತೆಗೆಯುವ ದ್ರವ. ಬ್ಲೇಡು, ಚಾಕು, ಸ್ಕ್ರೂಡ್ರೈವರ್ ಹತ್ತಿರವೂ ಇರಬಾರದು. ಕೈಗೆ ಸಿಕ್ಕರೆ ಬಳಸಿಯೇ ಬಿಡುತ್ತೇವೆ.

ಹೀಟ್ ಗನ್ ಬೇಡವೇ ಅಂತ ಕೇಳಬಹುದು. ಪಳಗಿದ ಕೈಯಲ್ಲಿ ಅದು ಒಳ್ಳೆಯ ಸಾಧನ. ಆದರೆ ಅದರ ಮೂತಿಯಿಂದ ಬರುವ ಗಾಳಿ 300 ಡಿಗ್ರಿ ಸೆಲ್ಸಿಯಸ್ ಸಲೀಸಾಗಿ ದಾಟುತ್ತದೆ. ನಮಗೆ ಬೇಕಾಗಿರುವುದು ಫಿಲ್ಮಿನ ಮೈಯಲ್ಲಿ 60-70 ಡಿಗ್ರಿ ಮಾತ್ರ. ಒಂದೇ ಕಡೆ ಕೆಲವು ಸೆಕೆಂಡ್ ಹಿಡಿದರೂ ಪೇಂಟ್ ಗುಳ್ಳೆ ಏಳಬಹುದು, ಬಂಪರ್ ಸೊಟ್ಟಗಾಗಬಹುದು. ಅದನ್ನೇ ಬಳಸುವುದಾದರೆ ಕಡಿಮೆ ಸೆಟ್ಟಿಂಗಿನಲ್ಲಿ, ಒಂದು ಗೇಣಿಗಿಂತ ಹತ್ತಿರ ಒಯ್ಯದೆ, ಕೈ ನಿಲ್ಲಿಸದೆ ಆಡಿಸುತ್ತಿರಿ. ಬಿಸಿ ಸಾಕಾಯಿತಾ ಅಂತ ತಿಳಿಯಲು ಡ್ರೈಯರ್ ಪಕ್ಕಕ್ಕೆ ಸರಿಸಿ ಅಂಗೈ ಇಟ್ಟು ನೋಡಿ. ಎರಡು-ಮೂರು ಸೆಕೆಂಡ್ ತಡೆಯಬಹುದು, ಆಮೇಲೆ ಕೈ ತಾನೇ ಹಿಂದೆ ಬರುತ್ತದೆ ಅನ್ನುವಷ್ಟಿದ್ದರೆ ಸರಿ. ಮುಟ್ಟುವುದಕ್ಕೇ ಆಗದಿದ್ದರೆ ಜಾಸ್ತಿಯಾಯಿತು.

ಬಿಸಿಲನ್ನೂ ಬಳಸಿಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಕಪ್ಪು ಕಾರು ಬಿಸಿಲಿಗೆ ನಿಂತರೆ ಬಾನೆಟ್ಟಿಗೆ ಡ್ರೈಯರೇ ಬೇಡ. ಬೇರೆ ಕಡೆ ಒಂದು ಗಂಟೆ ಬಿಸಿಲಿಗೆ ಬಿಟ್ಟು, ಆಮೇಲೆ ನೆರಳಿಗೆ ತಂದು ಕೆಲಸ ಶುರು ಮಾಡಿ. ಡಿಸೆಂಬರ್ ಬೆಳಿಗ್ಗೆಯ ಚಳಿಯಲ್ಲಿ ಮಾತ್ರ ಈ ಕೆಲಸ ಬೇಡ. ತಣ್ಣಗಿನ ಫಿಲ್ಮ್ ಬಿರುಸಾಗಿರುತ್ತದೆ, ಅಂಟು ಬಿಡುವುದಿಲ್ಲ.

ಎಳೆಯುವ ರೀತಿ

ಹಿಂದಿನ ಬಾಗಿಲಿನ ಹ್ಯಾಂಡಲ್ ಗುಳಿಯಿಂದ ಶುರು ಮಾಡಿ. ಅಂಗೈಯಗಲದ ತುಂಡು, ಏನಾದರೂ ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಬೀಳುವ ಜಾಗವಲ್ಲ. ಬಾನೆಟ್ ಕೊನೆಗಿರಲಿ.

ಒಂದು ಮೂಲೆಯನ್ನು ಅರ್ಧ ನಿಮಿಷ ಬಿಸಿ ಮಾಡಿ. ಉಗುರಿನಿಂದ ಎಬ್ಬಿಸಿ. ಏಳದಿದ್ದರೆ ಪ್ಲಾಸ್ಟಿಕ್ ಕಾರ್ಡನ್ನು ಮಟ್ಟಸವಾಗಿ ಒರಗಿಸಿ ಒಳಗೆ ತಳ್ಳಿ. ಎರಡು ಬೆರಳಿಗೆ ಸಿಗುವಷ್ಟು ಎದ್ದ ಮೇಲೆ ಅದನ್ನು ಹಿಂದಕ್ಕೆ ಮಡಚಿ, ಕಾರಿನ ಮೈಗೆ ಹತ್ತಿರದಲ್ಲೇ ತಗ್ಗಾಗಿ ಎಳೆಯುತ್ತ ಬನ್ನಿ. ನೇರ ಮೇಲಕ್ಕೆ ಎತ್ತಿದರೆ ಅಷ್ಟೂ ಭಾರ ಕ್ಲಿಯರ್ ಕೋಟ್ ಮೇಲೆ ಬೀಳುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಬಂದರೆ ಸಾಕು, ಅವಸರ ಬೇಡ. ಒಂದು ಕೈಯಲ್ಲಿ ಎಳೆತ, ಇನ್ನೊಂದು ಕೈಯ ಡ್ರೈಯರ್ ಯಾವಾಗಲೂ ಎಳೆತಕ್ಕಿಂತ ನಾಲ್ಕು ಬೆರಳು ಮುಂದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಡ್ರೈಯರ್ ಅವರ ಕೈಗೆ ಕೊಡಿ, ಕೆಲಸ ಸಲೀಸು.

ಫಿಲ್ಮ್ ಪೇಂಟಿನಿಂದ ಬಿಡುವ ಗೆರೆಯ ಮೇಲೆ ಕಣ್ಣಿಡಿ. ಅಲ್ಲಿ ಕೂದಲಿಗಿಂತ ಸಣ್ಣ ಅಂಟಿನ ಎಳೆಗಳು ಹಿಗ್ಗಿ, ಬಿಳಿಯಾಗಿ, ಒಂದೊಂದಾಗಿ ಕಡಿದುಕೊಳ್ಳುತ್ತಿರುತ್ತವೆ. ಕಡಿದ ಎಳೆ ಫಿಲ್ಮಿನ ಬೆನ್ನಿಗೇ ಹೋದರೆ ಬಿಸಿಯೂ ವೇಗವೂ ಸರಿಯಾಗಿವೆ. ಅಂಟು ಕಾರಿನ ಮೈಯಲ್ಲೇ ಉಳಿಯುತ್ತಿದ್ದರೆ ಒಂದೋ ಬಿಸಿ ವಿಪರೀತವಾಗಿದೆ, ಇಲ್ಲ ನೀವು ಅವಸರ ಮಾಡುತ್ತಿದ್ದೀರಿ. ಒಂದನ್ನು ತಗ್ಗಿಸಿ ನೋಡಿ. ಆಗಾಗ ಫಿಲ್ಮಿನ ಬೆನ್ನು ತಿರುಗಿಸಿ ನೋಡುವುದೂ ಒಳ್ಳೆಯದು. ಅದರಲ್ಲಿ ಕಾರಿನ ಬಣ್ಣದ ಒಂದು ಚುಕ್ಕೆ ಕಂಡರೂ ಅಲ್ಲಿಗೇ ನಿಲ್ಲಿಸಿ. ಮತ್ತೆ ಬಿಸಿ ಮಾಡಿ, ಬೇರೆ ದಿಕ್ಕಿನಿಂದ ಒಂದಿಷ್ಟೇ ಎಳೆದು ನೋಡಿ. ಆಗಲೂ ಬಣ್ಣ ಬಂದರೆ ಮುಂದುವರಿಸಬೇಡಿ. ಎದ್ದ ಭಾಗವನ್ನು ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಅಂಗಡಿಗೆ ಒಯ್ಯಿರಿ.

ಹೆದ್ದಾರಿಯಲ್ಲಿ ಜಾಸ್ತಿ ಓಡಿದ ಕಾರಿನ ಬಾನೆಟ್ ಮುಂಭಾಗದಲ್ಲಿ ಕಲ್ಲು ಸಿಡಿದ ಗುರುತುಗಳಿರುತ್ತವೆ. ಅಲ್ಲಿ ಕ್ಲಿಯರ್ ಕೋಟಿನ ಅಂಚು ಮೊದಲೇ ಸಡಿಲ. ಆ ಜಾಗ ಬಂದಾಗ ಇನ್ನೂ ನಿಧಾನ.

ಪಿವಿಸಿಯಂಥ ಮುರುಕು ಫಿಲ್ಮಿಗೆ ಡ್ರೈಯರಿಗಿಂತ ಹಬೆ ಒಳ್ಳೆಯದು. ಅಂಗಡಿಯವರ ಹತ್ತಿರ ಸ್ಟೀಮರ್ ಇರುತ್ತದೆ. ಮನೆಯಲ್ಲಾದರೆ ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಫಿಲ್ಮಿನ ಮೇಲೆ ಐದು ನಿಮಿಷ ಹೊದಿಸಿ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಅಂಚು ಎಬ್ಬಿಸುತ್ತ ಹೋಗಿ. ಉಗುರಗಲದ ಚೂರುಗಳೇ ಬರುತ್ತವೆ. ಇದಕ್ಕೆ ಅಡ್ಡದಾರಿ ಇಲ್ಲ. ಬಾನೆಟ್ ಪೂರ್ತಿ ಹೀಗಿದ್ದರೆ ದುಡ್ಡು ಕೊಟ್ಟು ಮಾಡಿಸುವುದೇ ಬುದ್ಧಿವಂತಿಕೆ.

ಉಳಿದ ಅಂಟು

ಡ್ರೈಯರಿನ ಪ್ಲಗ್ ಕಿತ್ತು, ಬಾಡಿ ಪೂರ್ತಿ ತಣ್ಣಗಾದ ಮೇಲೆಯೇ ಈ ಹಂತ. ಅಂಟು ತೆಗೆಯುವ ದ್ರವಗಳಲ್ಲಿ ಹೆಚ್ಚಿನವು ಬೆಂಕಿ ಹೊತ್ತುವಂಥವು. ಅಪಾರ್ಟ್‌ಮೆಂಟಿನ ಮುಚ್ಚಿದ ಬೇಸ್‌ಮೆಂಟಿನಲ್ಲಿ ಮಾಡಬೇಡಿ, ಗಾಳಿಯಾಡುವ ಜಾಗ ಬೇಕು.

ಅಂಗಡಿಯಲ್ಲಿ ಕಾರಿಗೆಂದೇ ಸಿಗುವ ಅಂಟು ಅಥವಾ ಟಾರ್ ತೆಗೆಯುವ ದ್ರವ ಎಲ್ಲಕ್ಕಿಂತ ವಾಸಿ. ಇಲ್ಲದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಯಾವುದೇ ಆಗಲಿ, ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಬೇಡ. ಹತ್ತದಿದ್ದರೆ ಬಟ್ಟೆಯನ್ನು ಒದ್ದೆ ಮಾಡಿ ಅಂಟಿನ ಮೇಲೆ ಒಂದೆರಡು ನಿಮಿಷ ಹಾಕಿಡಿ. ಬರಿ ಉಜ್ಜಿದರೆ ಅಂಟು ಬಳಿದುಕೊಳ್ಳುತ್ತದೆ. ನೆನೆದ ಮೇಲೆ ಹೆಬ್ಬೆರಳಿನಲ್ಲಿ ಒಂದೇ ಕಡೆಗೆ ತಳ್ಳಿದರೆ ಉಂಡೆಯಾಗಿ ಸುತ್ತಿಕೊಂಡು ಬರುತ್ತದೆ. ಅಲ್ಲಲ್ಲಿ ಚುಕ್ಕೆಯಷ್ಟೇ ಉಳಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೂ ಮೆತ್ತಗಾಗುತ್ತದೆ.

ಪೇಂಟ್ ಅಂಗಡಿಯ ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ, ಪೆಟ್ರೋಲ್ ಇವು ಬೇಡವೇ ಬೇಡ. ಗ್ಯಾರೇಜಿನಲ್ಲಿ ಹುಡುಗರು ಥಿನ್ನರ್ ಹಾಕಿ ಒರೆಸುವುದನ್ನು ನೋಡಿರುತ್ತೀರಿ, ಅಲ್ವಾ? ಮತ್ತೆ ಹೊಡೆದ ಪೇಂಟನ್ನು ಅದು ಮೆತ್ತಗೆ ಮಾಡುತ್ತದೆ. ಹೆಡ್‌ಲ್ಯಾಂಪಿನ ಮೇಲೆ ಬಿದ್ದರಂತೂ ಪಾಲಿಕಾರ್ಬೊನೇಟ್ ಮಸುಕಾಗಿ ಒಳಗೆಲ್ಲ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದಕ್ಕೆ ಲ್ಯಾಂಪ್ ಬದಲಿಸುವುದೇ ಪರಿಹಾರ.

ಕಿತ್ತ ಮೇಲೆ

ಶಾಂಪೂ ಹಾಕಿ ತೊಳೆದು ಒರೆಸಿ. ಫಿಲ್ಮಿನ ಅಂಚು ಇದ್ದ ಕಡೆ ಒಂದು ಗೆರೆ ಕಾಣಬಹುದು. ಹೆದರಬೇಡಿ. ಕೊಳೆಯ ಗೆರೆಯಾದರೆ ಶಾಂಪೂ ನೀರು ಹಾಕಿ ಕ್ಲೇ ಬಾರ್, ಅಂದರೆ ಕೊಳೆ ಎಳೆದುಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು, ಉಜ್ಜಿದರೆ ಹೋಗುತ್ತದೆ. ಫಿಲ್ಮಿನ ಕೆಳಗಿದ್ದ ಬಣ್ಣ ಹೊಸದರಂತೆ, ಹೊರಗಿದ್ದದ್ದು ಮಂಕಾಗಿ ಕಂಡರೆ ಅದು ಬಿಸಿಲಿನ ಕೆಲಸ. ಕೆಂಪು ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಆಗ ಪಾಲಿಶ್ ಮಾಡಬೇಕಾದದ್ದು ಹೊರಗಿನ ಹಳೆಯ ಭಾಗವನ್ನು, ಫಿಲ್ಮ್ ಇದ್ದ ಜಾಗವನ್ನಲ್ಲ. ಪೂರ್ತಿ ಒಂದಾಗದಿದ್ದರೂ ಕಣ್ಣಿಗೆ ಹೊಡೆಯದಷ್ಟು ಹೊಂದಿಕೊಳ್ಳುತ್ತದೆ. ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನೇ ಒಂದಿಷ್ಟು ಸವೆಸುವುದು, ಹಾಗಾಗಿ ಪದೇ ಪದೇ ಬೇಡ.

ಬಯಲಾದ ಪೇಂಟಿಗೆ ಅವತ್ತೇ ಒಂದು ಕೈ ವ್ಯಾಕ್ಸ್ ಹಚ್ಚಿ. ಇಷ್ಟು ವರ್ಷ ಹಕ್ಕಿಯ ಹಿಕ್ಕೆ, ಮಳೆಮರದ ಅಂಟು ಎಲ್ಲ ಫಿಲ್ಮಿನ ಮೇಲೆ ಬೀಳುತ್ತಿತ್ತು, ಇನ್ನು ನೇರ ಪೇಂಟಿನ ಮೇಲೆ. ಕಿತ್ತ ಫಿಲ್ಮನ್ನು ಅಂಟು ಒಳಗೆ ಬರುವಂತೆ ಸುರುಳಿ ಸುತ್ತಿ ಕಸಕ್ಕೆ ಹಾಕಿ, ಸುಡಬೇಡಿ. ದ್ರವ ಹೀರಿದ ಬಟ್ಟೆಯನ್ನು ಮುದುರಿ ಡಿಕ್ಕಿಯಲ್ಲಿ ಇಡದೆ, ಹೊರಗೆ ಹರವಿ ಒಣಗಿಸಿ.

ಹೊಸ ಫಿಲ್ಮ್ ಹಾಕಿಸುವ ಯೋಚನೆ ಇದ್ದರೆ ಆ ಜಾಗಕ್ಕೆ ವ್ಯಾಕ್ಸ್ ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ. ನಡುವೆ ಯಾವುದಾದರೂ ಭಾಗಕ್ಕೆ ಪೇಂಟ್ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ಒಣಗಲು ಬಿಡಿ. ಅಂಗಡಿಯವರು ನಾಳೆಯೇ ಹಾಕಿಕೊಡುತ್ತೇವೆ ಅಂದರೂ ಒಪ್ಪಬೇಡಿ. ಬಿಲ್ಲಿನಲ್ಲಿ ಫಿಲ್ಮಿನ ಹೆಸರು, ಟಿಪಿಯು ಅಂತ ಬರೆದದ್ದು, ಹಾಕಿದ ತಾರೀಕು, ಯಾವ ಭಾಗಕ್ಕೆ ಮತ್ತೆ ಪೇಂಟ್ ಆಗಿದೆ ಅನ್ನುವುದು ಎಲ್ಲ ಇರಲಿ. ಮುಂದೆ ಇದನ್ನು ಕೀಳುವವರಿಗೆ, ಅದು ನೀವೇ ಆಗಿರಲಿ ಕಾರು ಕೊಂಡವರಾಗಿರಲಿ, ಬೋಲ್ಟು ಬೀಡಿಂಗ್ ನೋಡುವ ಕೆಲಸ ತಪ್ಪುತ್ತದೆ.