ಫ್ಯಾಂಟಸಿ ಲೀಗಿನ ಲೆಕ್ಕ ಪೈಥಾನ್‌ಗೆ ಒಪ್ಪಿಸಿದ್ದು

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಫುಟ್‌ಬಾಲ್ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ನಿಜವಾದ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆನ್‌ಲೈನ್ ಆಟವೇ ಫ್ಯಾಂಟಸಿ ಪ್ರೀಮಿಯರ್ ಲೀಗ್. ಅದರಲ್ಲಿ ನಮ್ಮ ಗೆಳೆಯರದೇ ಒಂದು ಪುಟ್ಟ ಲೀಗ್ ಇದೆ. ಯಾರು ಮುಂದೆ, ಯಾರು ಹಿಂದೆ ಅಂತ ಸೈಟೇ ತೋರಿಸುತ್ತದೆ. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಜಗಳವೆಲ್ಲ ಬೇರೆ ವಿಷಯಕ್ಕೆ: ಯಾರ ಬೆಂಚಿನಲ್ಲಿ (ಹನ್ನೊಂದರ ಹೊರಗೆ ಕೂರಿಸಿದವರಲ್ಲಿ) ಹೆಚ್ಚು ಅಂಕ ವ್ಯರ್ಥವಾಯಿತು, ದುಪ್ಪಟ್ಟು ಅಂಕ ತರುವ ಕ್ಯಾಪ್ಟನ್ ಯಾರ ಕೈಹಿಡಿದ, 4 ಅಂಕ ತೆತ್ತು ಮಾಡಿದ ಟ್ರಾನ್ಸ್‌ಫರ್ (ಆಟಗಾರನ ಬದಲಾವಣೆ) ಗಿಟ್ಟಿತಾ ಇಲ್ಲವಾ. ಇದನ್ನು 38 ಗೇಮ್‌ವೀಕ್ (ಒಂದೊಂದು ಸುತ್ತಿನ ಪಂದ್ಯಗಳು) ಎಕ್ಸೆಲ್‌ನಲ್ಲಿ ಕೂತು ತುಂಬುವುದು ಆಗದ ಮಾತು. ಹಾಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದೆ.

ಆಟದ ಎಪಿಐ (ಪ್ರೋಗ್ರಾಂಗಳು ಸೈಟಿನಿಂದ ನೇರವಾಗಿ ಡೇಟಾ ಕೇಳುವ ದಾರಿ) ಜೇಸನ್ ಎಂಬ ಪಠ್ಯ ರೂಪದಲ್ಲಿ ಡೇಟಾ ಕೊಡುತ್ತದೆ. 'ಬೂಟ್‌ಸ್ಟ್ರಾಪ್-ಸ್ಟ್ಯಾಟಿಕ್' ಎಂಬಲ್ಲಿ 20 ಕ್ಲಬ್‌ಗಳು, ಆಟಗಾರರೆಲ್ಲರ ವಿವರ. ನಮ್ಮ ಲೀಗಿನ ಪ್ರತಿ ತಂಡದ ಐಡಿ ಹಾಕಿದರೆ ವಾರವಾರದ ಇತಿಹಾಸ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಿಂದ ತರುವುದು, ಪಾಂಡಾಸ್ ಲೈಬ್ರರಿಯಲ್ಲಿ ಕೋಷ್ಟಕವಾಗಿ ಜೋಡಿಸುವುದು, ಅಷ್ಟೇ.

ನಿಜವಾದ ಕೆಲಸ ಇರುವುದು ಸಂಖ್ಯೆಗಳ ಅರ್ಥ ಹಿಡಿಯುವುದರಲ್ಲಿ. ಇತಿಹಾಸದಲ್ಲಿ ವಾರದ 'ಪಾಯಿಂಟ್ಸ್' ಅಂತ ಬರುವುದು ಟ್ರಾನ್ಸ್‌ಫರ್ ದಂಡ ಕಳೆಯುವ ಮುಂಚಿನ ಅಂಕ. ದಂಡಕ್ಕೆ ಬೇರೆ ಕಾಲಂ ಇದೆ, ಅದನ್ನು ನಾವೇ ಕಳೆಯಬೇಕು. ಕ್ಯಾಪ್ಟನ್ ಲೆಕ್ಕಕ್ಕೆ ನಾನು ನೋಡುವುದು 'ಮಲ್ಟಿಪ್ಲೈಯರ್' (ಅಂಕವನ್ನು ಎಷ್ಟರಿಂದ ಗುಣಿಸಬೇಕು) ಒಂದನ್ನೇ: ಬೆಂಚಿಗೆ 0, ಆಡಿದವನಿಗೆ 1, ಕ್ಯಾಪ್ಟನ್‌ಗೆ 2, ಕ್ಯಾಪ್ಟನ್ ಅಂಕ ಮೂರು ಪಟ್ಟಾಗಿಸುವ 'ಟ್ರಿಪಲ್ ಕ್ಯಾಪ್ಟನ್' ಎಂಬ ವಿಶೇಷ ಅವಕಾಶ (ಚಿಪ್) ಬಳಸಿದ್ದರೆ 3. ಕ್ಯಾಪ್ಟನ್ ಕಣಕ್ಕೇ ಇಳಿಯದೆ ವೈಸ್ ಕ್ಯಾಪ್ಟನ್‌ಗೆ ದುಪ್ಪಟ್ಟು ಸಿಕ್ಕಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ.

ಯಾವಾಗ ಓಡಿಸಬೇಕು ಅನ್ನುವುದೂ ಮುಖ್ಯ. ಇಂಗ್ಲೆಂಡಿನ ಸೋಮವಾರ ರಾತ್ರಿಯ ಪಂದ್ಯ ನಮಗೆ ಮುಗಿಯುವಾಗ ಮಂಗಳವಾರ ಆಗಿರುತ್ತದೆ. ಪಂದ್ಯ ಮುಗಿದರೂ, ಆ ಪಂದ್ಯದಲ್ಲಿ ಚೆನ್ನಾಗಿ ಆಡಿದವರಿಗೆ ಸಿಗುವ 3, 2, 1ರ ಬೋನಸ್ ಅಂಕ ಖಚಿತವಾಗಬೇಕು. ಅದಕ್ಕೇ ಕ್ರಾನ್ (ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಸಾಧನ) ಮಂಗಳವಾರ ಬೆಳಿಗ್ಗೆ ಸ್ಕ್ರಿಪ್ಟ್ ಎಬ್ಬಿಸುತ್ತದೆ. ಆ ಗೇಮ್‌ವೀಕಿನ ಡೇಟಾದಲ್ಲಿ 'ಡೇಟಾ ಚೆಕ್ಡ್' (ಅಂಕ ಪರಿಶೀಲಿಸಿ ಆಯಿತು) ಎಂಬುದು ನಿಜ ಅಂತ ಇದ್ದರೆ ಮಾತ್ರ ಮುಂದುವರಿಯುತ್ತದೆ, ಇಲ್ಲವಾದರೆ ಸಂಜೆ ಮತ್ತೆ ನೋಡುತ್ತದೆ. ಅರ್ಧಂಬರ್ಧ ಅಂಕ ಗ್ರೂಪಿಗೆ ಹಾಕುವುದಕ್ಕಿಂತ ತಡವಾದರೂ ಸರಿ ಅನ್ನುವವನು ನಾನು.

ಗ್ರೂಪಿನಲ್ಲಿ ಎಲ್ಲರೂ ಮೊದಲು ನೋಡುವುದು ಬೆಂಚಿನಲ್ಲಿ ಉಳಿದ ಅಂಕಗಳ ಒಟ್ಟು ಮೊತ್ತವನ್ನು. ಪಾಂಡಾಸ್‌ನಲ್ಲಿ ಅದು ಗುಂಪು ಮಾಡಿ ಕೂಡಿಸುವ ಒಂದೇ ಸಾಲು, ಆದರೆ ಯಾರು ತಂಡ ಚೆನ್ನಾಗಿ ಆರಿಸಿಯೂ ಆಡುವ ಹನ್ನೊಂದು ಮಂದಿಯನ್ನು ತಪ್ಪಾಗಿ ಇಳಿಸುತ್ತಾರೆ ಅನ್ನುವುದು ಅದರಲ್ಲೇ ಎದ್ದು ಕಾಣುತ್ತದೆ.

ನೀವೂ ಮಾಡುವುದಾದರೆ, ಪ್ರತಿ ವಾರದ ಜೇಸನ್ ಅನ್ನು ಹಾಗೇ ಫೈಲಾಗಿ ಉಳಿಸಿಕೊಳ್ಳಿ. ಹೊಸ ಸೀಸನ್‌ಗೆ ಆಟ ಹೊಸದಾಗಿ ಶುರುವಾದಾಗ ಹಳೆಯ ವಾರಗಳ ವಿವರ ಎಪಿಐನಲ್ಲಿ ಇರುವುದಿಲ್ಲ. ಸೀಸನ್ನಿನ ಒಟ್ಟು ಅಂಕ ಮತ್ತು ರ‍್ಯಾಂಕ್ ಮಾತ್ರ ಉಳಿಯುತ್ತದೆ.