ಸತುವಿನ ತಗಡು, ಯುವಿ ದೀಪ ಮತ್ತು ಒಂದು ಉಪಗ್ರಹ

"ಅಲ್ಲಿ ಗಾಳಿಯೇ ಇಲ್ಲ, ಮತ್ತೆ ಚಾರ್ಜ್ ಎಲ್ಲಿಂದ ಬರ್ತದೆ ಸರ್?" ಬಾಹ್ಯಾಕಾಶದಲ್ಲಿ ಉಪಗ್ರಹದ ಮೈಗೆ ವಿದ್ಯುತ್ ಚಾರ್ಜ್ ಏರುತ್ತದೆ ಎಂದಾಗ, ಬದಿಯಡ್ಕ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಗಾಳಿ ಇಲ್ಲ, ಪ್ಲಾಸ್ಮಾ ಇದೆ. ಬಿಡಿ ಬಿಡಿ ಎಲೆಕ್ಟ್ರಾನು, ಅಯಾನುಗಳು. ಎಲೆಕ್ಟ್ರಾನು, ಅತಿ ಹಗುರ ಅಯಾನಾದ ಪ್ರೋಟಾನಿಗಿಂತಲೂ 1836 ಪಟ್ಟು ಹಗುರ, ಓಟವೂ ಜಾಸ್ತಿ. ಉಪಗ್ರಹದ ಮೈಗೆ ಅವೇ ಹೆಚ್ಚು ಬಂದು ಬಡಿಯುತ್ತವೆ, ಮೈ ನೆಗೆಟಿವ್ ಆಗುತ್ತದೆ. ಬಿಸಿಲಿದ್ದರೆ ಬೆಳಕು ಎಲೆಕ್ಟ್ರಾನುಗಳನ್ನು ಹೊರಗೆ ಹಾರಿಸುತ್ತದೆ, ತಾಪತ್ರಯ ಕಡಿಮೆ. ನೆರಳಿನಲ್ಲೇ ಕಷ್ಟ. 1969ರಲ್ಲಿ ಹಾರಿದ ನಾಸಾದ ಉಪಗ್ರಹ ಎಟಿಎಸ್-5, ಭೂಮಿಯ ನೆರಳಿಗೆ ಹೋದಾಗ ಸಾವಿರಾರು ವೋಲ್ಟ್ ನೆಗೆಟಿವ್ ಆದದ್ದುಂಟು.

ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಹಳೆ ಟಾರ್ಚ್ ಸೆಲ್ಲಿನ ಸತುವಿನ ಕವಚ ಬಿಚ್ಚಿ, ತೊಳೆದು, ಚಪ್ಪಟೆ ಮಾಡಿದೆ. ಅದಕ್ಕೆ ತಾಮ್ರದ ತಂತಿ ಕಟ್ಟಿ, ಮೇಣದ ಬಿರಡೆಯ ಮೂಲಕ ಬಾಟಲಿಗೆ ಇಳಿಸಿದೆ. ತುದಿಗೆ ತೆಳು ಅಲ್ಯುಮಿನಿಯಂ ಎಲೆ ಎರಡು. ಚಾರ್ಜ್ ಇದ್ದರೆ ಎಲೆಗಳು ದೂರ ಸರಿಯುತ್ತವೆ, ಹೋದರೆ ಮುಚ್ಚಿಕೊಳ್ಳುತ್ತವೆ.

ಮೊದಲು ಮಾಡಿದ್ದು ಜುಲೈಯಲ್ಲಿ. ನಮ್ಮ ಮಳೆಗಾಲ ಗೊತ್ತಲ್ಲ, ಅಟ್ಟದ ಅಡಿಕೆಗೂ ಬೂಸ್ಟು ಹಿಡಿಯುತ್ತದೆ. ಚಾರ್ಜ್ ನಿಲ್ಲಲೇ ಇಲ್ಲ. ಡಿಸೆಂಬರ್‌ವರೆಗೆ ಕಾದು, ಬಾಟಲಿಗೆ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಮತ್ತೆ ಕೂತೆ.

ಸತುವನ್ನು ಆಗಷ್ಟೇ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು, ಇದು ಮುಖ್ಯ. ಉಣ್ಣೆಗೆ ತಿಕ್ಕಿದ ಪಿವಿಸಿ ಪೈಪನ್ನು ತಗಡಿಗೆ ಸವರಿದೆ. ತಗಡು ನೆಗೆಟಿವ್ ಆಗಿ ಎಲೆಗಳು ಅಗಲವಾಗಿ ನಿಂತವು. ನೀರು ಶುದ್ಧ ಮಾಡುವ ಯುವಿ ದೀಪ ಹಚ್ಚಿದ ಕೂಡಲೇ ಮೆಲ್ಲ ಮುಚ್ಚಿಕೊಂಡವು! ಆ ಯುವಿ ಬೆಳಕನ್ನು ತಡೆಯುವ ಕಿಟಕಿ ಗಾಜು ಅಡ್ಡ ಹಿಡಿದರೆ ಅಲ್ಲೇ ನಿಂತವು. (ಈ ದೀಪ ಕಣ್ಣಿಗೆ ಅಪಾಯ. ರಟ್ಟಿನ ಪೆಟ್ಟಿಗೆಯೊಳಗಿಟ್ಟು ತಗಡಿನ ಕಡೆ ಮಾತ್ರ ತೂತು ಬಿಡಿ.)

ಆಮೇಲೆ ಎರಡು ಬಾಟಲಿ ಇಟ್ಟೆವು. ಒಂದಕ್ಕೆ ಬೆಳಕು, ಒಂದಕ್ಕೆ ರಟ್ಟಿನ ನೆರಳು. ಒಂದು ಖಾಲಿಯಾಯಿತು, ಇನ್ನೊಂದು ಹಾಗೇ ಉಳಿಯಿತು. ಉಪಗ್ರಹವನ್ನು ಕೆಡಿಸುವುದು ಜಾಸ್ತಿಯಾಗಿ ಈ ವ್ಯತ್ಯಾಸವೇ. ಅಕ್ಕಪಕ್ಕದ ಭಾಗಗಳ ನಡುವೆ ಕಿಡಿ ಹಾರಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ತಪ್ಪು ಆಜ್ಞೆ ಬಂದಂತೆ ವರ್ತಿಸಬಹುದು. ಮತ್ತೆ ಚಾರ್ಜ್ ಮಾಡಿ, ಎರಡಕ್ಕೂ ನಡುವೆ ತಂತಿ ಹಾಕಿದೆ. ಬೆಳಕು ಬಿದ್ದದ್ದು ಒಂದಕ್ಕೆ, ಎಲೆ ಇಳಿದದ್ದು ಎರಡರಲ್ಲೂ. ಎಲ್ಲ ಭಾಗಗಳನ್ನೂ ಒಂದೇ ಚೌಕಟ್ಟಿಗೆ ಜೋಡಿಸುವುದು ಇದಕ್ಕೇ.

"ಪ್ಲಾಸ್ಟಿಕ್ ಹೊದಿಕೆಗೆ ತಂತಿ ಎಲ್ಲಿಗೆ ಕಟ್ಟೋದು ಸರ್?" ಮತ್ತೆ ಅದೇ ಹುಡುಗಿ. ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ವಿದ್ಯುತ್ ಹರಿಯಬಲ್ಲ ಇಂಡಿಯಂ ಟಿನ್ ಆಕ್ಸೈಡಿನ ತೆಳು ಲೇಪ ಹಾಕಿ, ಆ ಲೇಪವನ್ನು ಚೌಕಟ್ಟಿಗೆ ಸೇರಿಸುತ್ತಾರೆ ಎಂದೆ. ನಮ್ಮಲ್ಲಿ ಲೇಪ ಎಲ್ಲಿ ಬರಬೇಕು? ಪಿವಿಸಿ ಪೈಪಿಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಅದರ ತುದಿಯನ್ನು ಅವಳ ಕೈಗೇ ಕೊಟ್ಟೆ. ಚಾರ್ಜ್ ಅವಳ ಕೈಯ ಮೂಲಕ ಹರಿದು ಹೋಗಿ, ಉಣ್ಣೆಗೆ ಎಷ್ಟು ತಿಕ್ಕಿದರೂ ಕಾಗದದ ಚೂರು ಒಂದೂ ಮೇಲೇಳಲಿಲ್ಲ.